ಖಂಡಸ್ಫುಟಿತ ಜೀರ್ಣೋದ್ಧಾರವೂ ರಂಗಭೋಗವೂ: ವಿಕ್ಟೋರಿಯಾ ಯುಗದ ನಾಟಕಗೃಹಗಳ ಇತಿಹಾಸ ಮತ್ತು ಪುನರುಜ್ಜೀವನ

ನಮ್ಮ ನಾಡಿನ ದಾನಶಾಸನಗಳನ್ನು ಓದುವವರಿಗೆ ಎರಡು ಮಾತುಗಳು ಮೇಲಿಂದ ಮೇಲೆ ಎದುರಾಗುತ್ತವೆ. ಒಂದು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಮತ್ತೊಂದು ‘ಅಂಗಭೋಗ ರಂಗಭೋಗ’. ಮುರಿದುದನ್ನು, ಬಿರಿದುದನ್ನು, ಸವೆದುದನ್ನು ಮತ್ತೆ ಎತ್ತಿ ನಿಲ್ಲಿಸುವುದು ಮೊದಲನೆಯದರ ಅರ್ಥ. ದೇವರ ಪೂಜೆ ಅಲಂಕಾರಗಳಿಗೂ, ದೇವಾಲಯದ ರಂಗಮಂಟಪದಲ್ಲಿ ನಡೆಯತಕ್ಕ ಗೀತ ವಾದ್ಯ ನೃತ್ಯಗಳಿಗೂ ತಗಲುವ ವೆಚ್ಚವನ್ನು ಒದಗಿಸುವುದು ಎರಡನೆಯದರ ಅರ್ಥ. ಕಲ್ಯಾಣದ ಚಾಲುಕ್ಯರ ಕಾಲದ ದಾನಿಗಳು ಅನೇಕ ವೇಳೆ ಒಂದೇ ಶಾಸನದಲ್ಲಿ ಈ ಎರಡಕ್ಕೂ ಭೂಮಿಯನ್ನೋ ಸುಂಕವನ್ನೋ ಬಿಟ್ಟುಕೊಟ್ಟಿರುವರು. ಕಟ್ಟಡವನ್ನು ರಿಪೇರಿ ಮಾಡಿ ಬಾಗಿಲು ಮುಚ್ಚಿಬಿಟ್ಟರೆ ಅದು ಧರ್ಮಕಾರ್ಯವಾಗಲಾರದು, ಒಳಗಿನ ಬಾಳು ನಡೆಯದೆ ಹೊರಗಿನ ಗೋಡೆ ನಿಂತೂ ಪ್ರಯೋಜನವಿಲ್ಲ ಎಂಬ ತಿಳಿವಳಿಕೆ ಅವರಲ್ಲಿ ಇದ್ದಿತೆಂದು ಇದರಿಂದ ಊಹಿಸಬಹುದು.

ಈ ಹಳೆಯ ತಿಳಿವಳಿಕೆಯನ್ನು ಅಳತೆಗೋಲನ್ನಾಗಿ ಇಟ್ಟುಕೊಂಡು ಒಂದು ಹೊಸ ವಿಷಯವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಎಂದರೆ 1837ರಿಂದ 1901ರ ವರೆಗಿನ ಅವಧಿಯಲ್ಲಿ, ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಎದ್ದ ನಾಟಕಗೃಹಗಳಲ್ಲಿ ಕೆಲವು ಬಿದ್ದುಹೋದವು. ಕೆಲವು ಚಲನಚಿತ್ರ ಮಂದಿರಗಳಾದವು. ಕೆಲವು ಈಚಿನ ವರ್ಷಗಳಲ್ಲಿ ಅಪಾರ ವೆಚ್ಚದಿಂದ ಪುನರುಜ್ಜೀವನಗೊಂಡವು. ಪುನರುಜ್ಜೀವನವೆಂದರೇನು, ಅದರ ಕ್ರಮವೇನು, ಅದು ಯಾವಾಗ ಸಫಲವಾಯಿತೆಂದು ಹೇಳಬಹುದು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ನಾವು ಇಲ್ಲಿ ಹುಡುಕೋಣ. ಯರಗೇರಾದ ಆವರಣದಲ್ಲಿ ಕುಳಿತು ಇತಿಹಾಸವನ್ನು ಬೋಧಿಸುವ ನಮಗೆ ಇದು ದೂರದ ಮಾತೆಂದು ಮೊದಲಿಗೆ ತೋರಬಹುದು. ಹಾಗಲ್ಲವೆಂಬುದು ಲೇಖನದ ಕೊನೆಯಲ್ಲಿ ವಾಚಕರಿಗೆ ಮನವರಿಕೆಯಾಗಲೆಂದು ನಮ್ಮ ಆಶೆ.

ನಾಟಕಗೃಹದ ರಚನೆ

ವಿಕ್ಟೋರಿಯಾ ಯುಗದ ನಾಟಕಗೃಹಕ್ಕೆ ಕೆಲವು ಸಾಮಾನ್ಯ ಲಕ್ಷಣಗಳುಂಟು. ಮೊದಲನೆಯದು ರಂಗದ ಮುಂದಿನ ಕಮಾನು ಅಥವಾ ಚೌಕಟ್ಟು. ಇದನ್ನು ಪ್ರೊಸೀನಿಯಂ ಎಂದು ಕರೆಯುತ್ತಾರೆ. ಚಿತ್ರಪಟಕ್ಕೆ ಕಟ್ಟು ಹಾಕಿದಂತೆ ಈ ಚೌಕಟ್ಟು ನಾಟಕದ ಜಗತ್ತನ್ನು ಪ್ರೇಕ್ಷಕರ ಜಗತ್ತಿನಿಂದ ಬೇರ್ಪಡಿಸುತ್ತದೆ. ಅದರ ಹಿಂದೆ ಬಣ್ಣದ ಪರದೆಗಳು ಮೇಲೇರುತ್ತವೆ, ಕೆಳಗಿಳಿಯುತ್ತವೆ. ಎರಡನೆಯದು ಕುದುರೆಯ ಲಾಳದ ಆಕಾರದಲ್ಲಿ ಬಾಗಿ ಬಂದಿರುವ ಪ್ರೇಕ್ಷಾಂಗಣ. ನೆಲದ ಮೇಲಿನ ಆಸನಗಳು, ಅವುಗಳ ಮೇಲೆ ಒಂದೆರಡು ಅಂತಸ್ತಿನ ಗ್ಯಾಲರಿಗಳು, ಪಕ್ಕಗಳಲ್ಲಿ ಶ್ರೀಮಂತರಿಗೆ ಮೀಸಲಾದ ಬಾಕ್ಸುಗಳು. ಸಮಾಜದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಈ ಅಂತಸ್ತುಗಳೇ ಸಾರುತ್ತಿದ್ದವು. ಮೂರನೆಯದು ಮರ, ಗಾರೆ, ಕಾಗದದ ಮುದ್ದೆ ಮೊದಲಾದ ಹಗುರ ಸಾಮಗ್ರಿಗಳಿಂದ ಮಾಡಿದ ಒಳಗಿನ ಅಲಂಕಾರ.

ಬೆಳಕಿನ ವಿಷಯದಲ್ಲಿ ಆ ಶತಮಾನವು ದೊಡ್ಡ ಮಾರ್ಪಾಟನ್ನು ಕಂಡಿತು. ಲಂಡನ್ನಿನ ನಾಟಕಗೃಹಗಳಿಗೆ 1817ರಲ್ಲಿ ಅನಿಲದೀಪಗಳು ಬಂದವು. 1881ರಲ್ಲಿ ಅಲ್ಲಿನ ಸೆವಾಯ್ ನಾಟಕಗೃಹವು ಸಂಪೂರ್ಣವಾಗಿ ವಿದ್ಯುದ್ದೀಪಗಳಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡವೆಂಬ ಕೀರ್ತಿಯನ್ನು ಪಡೆಯಿತು. ಅನಿಲದೀಪದ ಉರಿ, ಮರದ ನೆಲ, ಬಟ್ಟೆಯ ಪರದೆ ಇವು ಮೂರೂ ಒಂದೆಡೆ ಸೇರಿದಲ್ಲಿ ಅನಾಹುತವು ದೂರವಿರಲಾರದಷ್ಟೆ. 1881ರ ಡಿಸೆಂಬರಿನಲ್ಲಿ ವಿಯೆನ್ನಾದ ರಿಂಗ್ ನಾಟಕಗೃಹ ಸುಟ್ಟು ನೂರಾರು ಜನ ಮಡಿದರು. 1887ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ನಾಟಕಗೃಹದಲ್ಲಿ ಬೆಂಕಿ ಬಿದ್ದು 186 ಜನ ಪ್ರಾಣ ಕಳೆದುಕೊಂಡರು. ರಂಗಕ್ಕೂ ಪ್ರೇಕ್ಷಾಂಗಣಕ್ಕೂ ನಡುವೆ ಇಳಿಬಿಡುವ ಉರಿತಡೆಯ ಪರದೆ, ಹೊರಕ್ಕೆ ತೆರೆಯುವ ಅನೇಕ ಬಾಗಿಲುಗಳು, ಅಗಲವಾದ ಮೆಟ್ಟಿಲುಗಳು, ಇವೆಲ್ಲವೂ ಇಂತಹ ದುರಂತಗಳು ಕಲಿಸಿದ ಪಾಠಗಳು. ಹಳೆಯ ನಾಟಕಗೃಹವನ್ನು ಇಂದು ಸರಿಪಡಿಸುವವರು ಮೊದಲು ಎದುರಿಸಬೇಕಾದ ತೊಡಕೂ ಇದೇ. ಹಳೆಯ ರೂಪವನ್ನು ಉಳಿಸಬೇಕು. ಆದರೆ ಹಳೆಯ ಅಪಾಯವನ್ನು ಉಳಿಸಕೂಡದು.

ಕನ್ನಡನಾಡಿನಲ್ಲಿ ಚೌಕಟ್ಟಿನ ರಂಗ

ನಮ್ಮ ಜನಪದರ ರಂಗವಾದರೋ ಬಯಲಿನದು. ದೊಡ್ಡಾಟ, ಸಣ್ಣಾಟ, ಯಕ್ಷಗಾನಗಳಿಗೆ ಊರ ಮುಂದಿನ ಕಟ್ಟೆಯೋ, ಸುಗ್ಗಿ ಮುಗಿದ ಗದ್ದೆಯೋ ಸಾಕು. ಮೇಲೆ ಆಕಾಶವೇ ಚಾವಣಿ. ಈ ಬಯಲು ರಂಗಕ್ಕೂ ಚೌಕಟ್ಟಿನ ರಂಗಕ್ಕೂ ಇರುವ ನಂಟು ಕುತೂಹಲಕರವಾದುದು. 1842ರಲ್ಲಿ ಉತ್ತರ ಕನ್ನಡ ಸೀಮೆಯ ಭಾಗವತ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕರ ಮುಂದೆ ಆಟವಾಡಿತು. ಅದನ್ನು ಕಂಡು ಪ್ರೇರಿತರಾದ ಸಂಸ್ಥಾನಿಕರ ಆಣತಿಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಮರಾಠಿಯಲ್ಲಿ ಆಡಿಸಿದರು. ಅಲ್ಲಿಂದ ಮರಾಠಿ ರಂಗಭೂಮಿಯ ಚರಿತ್ರೆ ಆರಂಭವಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಪ್ರಯೋಗಿಸಿದರು. ಇತ್ತ ಪಾರ್ಸಿ ಕಂಪನಿಗಳು ಬಣ್ಣದ ಪರದೆ, ಯಂತ್ರಗಳ ಚಮತ್ಕಾರ, ಥಳಥಳಿಸುವ ಉಡುಪು ಇವುಗಳೊಡನೆ ಊರೂರು ಸುತ್ತಿದವು. ಹೀಗೆ ಕನ್ನಡನಾಡಿನಿಂದ ಹೊರಟ ಆಟವು ಮರಾಠಿಯ ಮತ್ತು ಪಾರ್ಸಿಯ ಬಣ್ಣ ಬಳಿದುಕೊಂಡು ಕನ್ನಡನಾಡಿಗೆ ಮರಳಿತೆಂದು ಹೇಳಿದರೆ ತಪ್ಪಾಗಲಾರದು.

ಈ ಕಂಪನಿಗಳ ಸಂಚಾರಕ್ಕೆ ರೈಲುಮಾರ್ಗವು ದೊಡ್ಡ ಆಸರೆಯಾಯಿತು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮದರಾಸು ರೈಲುಮಾರ್ಗವೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಪರದೆಗಳ ಸುರುಳಿಗಳೂ ಉಡುಪಿನ ಪೆಟ್ಟಿಗೆಗಳೂ ಎತ್ತಿನ ಬಂಡಿಯಲ್ಲಿ ಬಹುದೂರ ಸಾಗಲಾರವು, ರೈಲಿನಲ್ಲಿ ಸಾಗಬಲ್ಲವು. ಚೌಕಟ್ಟಿನ ರಂಗವು ದಕ್ಷಿಣದಲ್ಲಿ ಹಬ್ಬಿದ ಬಗೆಯನ್ನು ತಿಳಿಯಬೇಕಾದರೆ ರೈಲಿನ ನಕ್ಷೆಯನ್ನೂ ಎದುರಿಗೆ ಇಟ್ಟುಕೊಳ್ಳಬೇಕಾಗುತ್ತದೆ.

ಕನ್ನಡನಾಡಿನಲ್ಲಿ ಈ ಹೊಸ ರಂಗಕ್ಕೆ ರಾಜಾಶ್ರಯವನ್ನು ಕೊಟ್ಟುದು ಮೈಸೂರು. ಹತ್ತನೆಯ ಚಾಮರಾಜ ಒಡೆಯರು ಅರಮನೆಯ ನಾಟಕ ಮಂಡಳಿಯನ್ನು ಪೋಷಿಸಿದರು. ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಿಸಿದರು. 1881ರಲ್ಲಿ ಅಧಿಕಾರವು ಒಡೆಯರಿಗೆ ಮರಳಿದಾಗ ದಿವಾನರಾದ ರಂಗಾಚಾರ್ಲುಗಳು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿ, 1883ರಲ್ಲಿ ತೀರಿಕೊಂಡರು. ಅವರ ಸ್ಮಾರಕವಾಗಿ ಮೈಸೂರಿನಲ್ಲಿ ಕಟ್ಟಲಾದ ರಂಗಾಚಾರ್ಲು ಪುರಭವನಕ್ಕೆ ಚಾಮರಾಜ ಒಡೆಯರು 1884ರಲ್ಲಿ ಅಡಿಗಲ್ಲನ್ನು ಇಟ್ಟರು. ಮುಂಭಾಗದಲ್ಲಿ ಯುರೋಪಿನ ಮಾದರಿಯ ಕಂಬಗಳನ್ನು ಹೊತ್ತು ನಿಂತಿರುವ ಈ ಕಟ್ಟಡವು ಸಭೆಗೂ ನಾಟಕಕ್ಕೂ ಒದಗಿಬಂದಿತು. ಮೂರನೆಯ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಗೆ 1900ರ ಹೊತ್ತಿಗೆ, ನಾಲ್ಮಡಿ ಕೃಷ್ಣರಾಜ ಒಡೆಯರ ವಿವಾಹದ ಸಮಯದಲ್ಲಿ, ಮುಂದುಗಡೆಯ ವಿಶಾಲ ಸಭಾಂಗಣವು ಸೇರಿತು. 1902ರಲ್ಲಿ ಲಾರ್ಡ್ ಕರ್ಜನ್ನರ ಸಮಕ್ಷಮದಲ್ಲಿ ನಾಲ್ವಡಿಯವರ ಅಧಿಕಾರಸ್ವೀಕಾರವು ನಡೆದುದು ಇಲ್ಲಿಯೇ. ಈ ಎರಡು ಕಟ್ಟಡಗಳೂ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತವೆ. ಭಾರತದ ವಿಕ್ಟೋರಿಯಾ ಯುಗದ ರಂಗಮಂದಿರವು ಕೇವಲ ನಾಟಕಕ್ಕೆ ಮೀಸಲಾದುದಲ್ಲ. ಸಭೆ, ಸನ್ಮಾನ, ಸಂಗೀತ, ರಾಜಕಾರ್ಯ ಇವೆಲ್ಲಕ್ಕೂ ಅದು ಒಂದೇ ಸೂರು.

ಶಿಮ್ಲಾದ ಗೇಯ್ಟಿ ನಾಟಕಗೃಹ

1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೊಸ ಅರಮನೆಯ ಕೆಲಸವನ್ನು ವಹಿಸಿಕೊಂಡ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. 1912ರಲ್ಲಿ ಮುಗಿದ ಆ ಅರಮನೆಯನ್ನು ಕಾಣದ ಕನ್ನಡಿಗರು ವಿರಳ. ಆದರೆ ಇದೇ ಇರ್ವಿನ್ನರು ಅದಕ್ಕೆ ಹತ್ತು ವರ್ಷ ಮುಂಚೆ, ಹಿಮಾಲಯದ ತಪ್ಪಲಿನ ಶಿಮ್ಲಾದಲ್ಲಿ, ಭಾರತದ ವಿಕ್ಟೋರಿಯಾ ನಾಟಕಗೃಹಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನು ಕಟ್ಟಿದ್ದರೆಂಬುದು ಅಷ್ಟಾಗಿ ತಿಳಿದಿರಲಾರದು. ಅದರ ಚರಿತ್ರೆಯು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದಾದುದರಿಂದ ಕೊಂಚ ವಿಸ್ತಾರವಾಗಿ ಹೇಳುತ್ತೇವೆ.

ಗೇಯ್ಟಿ ನಾಟಕಗೃಹವು ಬಾಗಿಲು ತೆರೆದುದು 1887ರ ಮೇ 30ರಂದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ ಅದು. ಆಗ ಅದು ಬಿಡಿಯಾದ ಕಟ್ಟಡವಾಗಿರಲಿಲ್ಲ. ನೃತ್ಯಶಾಲೆ, ಪುಸ್ತಕ ಭಂಡಾರ, ಆಯುಧಾಗಾರ ಮೊದಲಾದುವನ್ನೆಲ್ಲ ಒಳಗೊಂಡ, ಗಾಥಿಕ್ ಶೈಲಿಯಲ್ಲಿ ಕಲ್ಲಿನಿಂದ ಕಟ್ಟಿದ ಪುರಭವನದ ಒಂದು ಭಾಗವಾಗಿತ್ತು. ಬೇಸಗೆಯಲ್ಲಿ ಸಾಮ್ರಾಜ್ಯದ ರಾಜಧಾನಿಯೇ ಶಿಮ್ಲಾಕ್ಕೆ ಏರಿ ಬರುತ್ತಿದ್ದುದರಿಂದ, ಅಧಿಕಾರಿಗಳೂ ಅವರ ಕುಟುಂಬದವರೂ ಹವ್ಯಾಸಕ್ಕಾಗಿ ಇಲ್ಲಿ ನಾಟಕವಾಡಿದರು. ರಡ್ಯಾರ್ಡ್ ಕಿಪ್ಲಿಂಗ್, ಸ್ಕೌಟು ಚಳವಳಿಯ ಸ್ಥಾಪಕನಾದ ಬೇಡನ್ ಪೊವೆಲ್ ಮೊದಲಾದವರು ಇಲ್ಲಿ ಬಣ್ಣ ಹಚ್ಚಿದವರೇ. ಆದರೆ ಬೆಟ್ಟದ ಇಳಿಜಾರಿನ ಮೇಲೆ ಅಷ್ಟು ಅಂತಸ್ತುಗಳ ಭಾರವು ಬಹುಕಾಲ ನಿಲ್ಲಲಾರದೆ ಹೋಯಿತು. ಕಟ್ಟಡವು ಅಪಾಯಕರವೆಂದು ತಿಳಿದುಬಂದುದರಿಂದ 1911ರ ಸುಮಾರಿಗೆ ಮೇಲಿನ ಅಂತಸ್ತುಗಳನ್ನು ಕಳಚಿಹಾಕಲಾಯಿತು. ಕಟ್ಟಿ ಇಪ್ಪತ್ತೈದು ವರ್ಷವೂ ತುಂಬದ ಪುರಭವನವು ತನ್ನ ತಲೆಯನ್ನು ಕಳೆದುಕೊಂಡಿತು. ಉಳಿದ ಅಂಗಗಳಲ್ಲಿ ಮುಖ್ಯವಾದುದು ನಾಟಕಗೃಹ.

ಸ್ವಾತಂತ್ರ್ಯಾನಂತರ ಆಡುವವರು ಬದಲಾದರು, ಆಟ ನಿಲ್ಲಲಿಲ್ಲ. ಪೃಥ್ವಿರಾಜ ಕಪೂರರು ಈ ರಂಗದ ಮೇಲೆ ನಿಂತರು. ಜೆಫ್ರಿ ಕೆಂಡಲ್ಲರ ಸಂಚಾರಿ ಮಂಡಳಿಯು ಷೇಕ್ಸ್‌ಪಿಯರನ ನಾಟಕಗಳನ್ನು ಇಲ್ಲಿ ಆಡಿತು. ಕಟ್ಟಡವಾದರೋ ಮಳೆ, ಹಿಮ, ತೇವಗಳಿಂದ ಕ್ರಮೇಣ ಜೀರ್ಣವಾಗುತ್ತ ಬಂದಿತು. ಕೊನೆಗೆ ಹಿಮಾಚಲ ಪ್ರದೇಶದ ಸರ್ಕಾರವು 2003ರ ಹೊತ್ತಿಗೆ ಪುನರುಜ್ಜೀವನದ ಕಾರ್ಯವನ್ನು ಕೈಗೊಂಡಿತು. ಅದರ ಹೊಣೆಯನ್ನು ಹೊತ್ತ ವಾಸ್ತುಶಿಲ್ಪಿ ವೇದ್ ಸೇಗನ್. ಮುಂಬಯಿಯಲ್ಲಿ 1978ರಲ್ಲಿ ತೆರೆದ ಪೃಥ್ವಿ ಥಿಯೇಟರಿನ ವಿನ್ಯಾಸವೂ ಅವರದೇ. ನಾಟಕವೆಂದರೇನೆಂಬುದನ್ನು ಬಲ್ಲವರ ಕೈಗೆ ನಾಟಕಗೃಹದ ಚಿಕಿತ್ಸೆ ಸೇರಿತೆಂಬುದು ಇಲ್ಲಿ ಗಮನಾರ್ಹ. ಗೇಯ್ಟಿಯು 2009ರಲ್ಲಿ ಮತ್ತೆ ತೆರೆಯಿತು. ಲಾಳಾಕಾರದ ಹಳೆಯ ಪ್ರೇಕ್ಷಾಂಗಣವನ್ನು ಅದರ ಅಲಂಕಾರ ಸಹಿತವಾಗಿ ಉಳಿಸಿಕೊಂಡು, ಕಟ್ಟಡದ ಉಳಿದ ಭಾಗಗಳಲ್ಲಿ ವಸ್ತುಪ್ರದರ್ಶನದ ಅಂಗಣ, ಬಹೂಪಯೋಗಿ ಸಭಾಂಗಣ, ಬಯಲು ರಂಗ ಇವುಗಳಿಗೆ ಎಡೆಮಾಡಲಾಯಿತು. ಆ ಸಣ್ಣ ರಂಗದ ಮೇಲೆ ನಾಟಕವು ಮತ್ತೆ ನಡೆಯತೊಡಗಿತು.

ಜೀರ್ಣೋದ್ಧಾರದ ತತ್ತ್ವ ಮತ್ತು ಕ್ರಮ

ಹಳೆಯ ಕಟ್ಟಡವನ್ನು ಹೇಗೆ ಸರಿಪಡಿಸಬೇಕೆಂಬ ವಾದವೂ ವಿಕ್ಟೋರಿಯಾ ಯುಗದಲ್ಲಿಯೇ ಹುಟ್ಟಿದುದು ಸ್ವಾರಸ್ಯಕರ. ಫ್ರಾನ್ಸಿನ ವಿಯೊಲೆ ಲ ದ್ಯೂಕ್ ಎಂಬ ವಾಸ್ತುಶಿಲ್ಪಿಯ ಮತದಂತೆ ಕಟ್ಟಡಕ್ಕೆ ಪರಿಪೂರ್ಣವಾದ ರೂಪವನ್ನು ಮರಳಿ ಕೊಡುವುದೇ ಉದ್ಧಾರ, ಆ ರೂಪವು ಹಿಂದೆ ಎಂದೂ ಇರದಿದ್ದರೂ ಸರಿಯೆ. ಇಂಗ್ಲೆಂಡಿನ ಜಾನ್ ರಸ್ಕಿನ್ ಇದನ್ನು ಉಗ್ರವಾಗಿ ಖಂಡಿಸಿದನು. ಹಳೆಯದನ್ನು ಹೊಸದರಂತೆ ಮಾಡುವುದು ಸುಳ್ಳು ಹೇಳಿದಂತೆ ಎಂಬುದು ಅವನ ನಿಲುವು. ರಸ್ಕಿನ್ನನ ದಾರಿ ಹಿಡಿದ ವಿಲಿಯಂ ಮಾರಿಸನು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಸ್ಥಾಪಿಸಿದನು. ಆಗಾಗ ಸಣ್ಣ ರಿಪೇರಿಗಳನ್ನು ಮಾಡುತ್ತ ಬಂದರೆ ದೊಡ್ಡ ಉದ್ಧಾರದ ಗೋಜೇ ಇರುವುದಿಲ್ಲವೆಂದು ಆ ಸಂಘದವರು ಸಾರಿದರು. 1964ರ ವೆನಿಸ್ ಸನ್ನದು ಈ ಎರಡು ಮತಗಳ ಜಗಳಕ್ಕೆ ಒಂದು ತೀರ್ಮಾನವನ್ನು ಕೊಟ್ಟಿತು. ಊಹೆ ಎಲ್ಲಿ ಮೊದಲಾಗುತ್ತದೆಯೋ ಅಲ್ಲಿ ಉದ್ಧಾರವು ನಿಲ್ಲಬೇಕು. ಹೊಸದಾಗಿ ಸೇರಿಸಿದುದು ಹಳೆಯದರೊಡನೆ ಹೊಂದಿಕೊಂಡಿದ್ದರೂ ಹೊಸದೆಂದು ಗುರುತು ಸಿಗುವಂತಿರಬೇಕು ಎಂಬುದು ಅದರ ಸಾರಾಂಶ. ಲಂಡನ್ನಿನ ಅಲೆಕ್ಸಾಂಡ್ರ ಅರಮನೆಯಲ್ಲಿ 1875ರಲ್ಲಿ ಕಟ್ಟಿದ ನಾಟಕಗೃಹವು ದಶಕಗಳ ಕಾಲ ಮುಚ್ಚಿದ್ದು 2018ರಲ್ಲಿ ತೆರೆದಾಗ, ಗೋಡೆಗಳ ಉದುರಿದ ಗಾರೆಯನ್ನು ಮುಚ್ಚಿಹಾಕದೆ, ಮುಂದಕ್ಕೆ ಉದುರದಂತೆ ಭದ್ರಪಡಿಸಿ ಹಾಗೆಯೇ ಬಿಡಲಾಯಿತು. ಪ್ರೇಕ್ಷಕರು ಅಲ್ಲಿ ನಾಟಕವನ್ನು ನೋಡುವುದರ ಜೊತೆಗೆ ಕಾಲದ ಗುರುತುಗಳನ್ನೂ ನೋಡುತ್ತಾರೆ.

ಕೆಲಸದ ಕ್ರಮವನ್ನು ಸಂಗ್ರಹವಾಗಿ ಹೀಗೆ ನಿರೂಪಿಸಬಹುದು. ಮೊದಲನೆಯ ಹೆಜ್ಜೆ ದಾಖಲೆ. ಕಟ್ಟಡದ ಅಂಗುಲ ಅಂಗುಲವನ್ನೂ ಅಳೆದು ನಕ್ಷೆ ತೆಗೆದು, ಹಳೆಯ ಛಾಯಾಚಿತ್ರ, ಲೆಕ್ಕಪತ್ರ, ಜಾಹೀರಾತು, ಟಿಕೆಟ್ಟು ಮೊದಲಾದುವನ್ನು ಕೂಡಿಸಬೇಕು. ಎರಡನೆಯದು ರೋಗನಿದಾನ. ಗೋಡೆ ಏಕೆ ಬಿರಿಯಿತು, ನೀರು ಎಲ್ಲಿಂದ ಬಂದಿತು, ಮರಕ್ಕೆ ಗೆದ್ದಲು ಹತ್ತಿದುದು ಎಲ್ಲಿ ಎಂಬುದನ್ನು ತಿಳಿಯದೆ ಮೇಲೆ ಬಣ್ಣ ಬಳಿದರೆ ರೋಗವನ್ನು ಮುಚ್ಚಿಟ್ಟಂತಾಗುವುದು. ಮೂರನೆಯದು ಸಾಮಗ್ರಿಯ ಆಯ್ಕೆ. ವಿಕ್ಟೋರಿಯಾ ಯುಗದ ಭಾರತೀಯ ಕಟ್ಟಡಗಳಲ್ಲಿ ಹೆಚ್ಚಿನವು ಸುಣ್ಣದ ಗಾರೆಯಿಂದ ಕಟ್ಟಿದವು. ಸುಣ್ಣದ ಗಾರೆಯು ಮೃದುವಾದುದು, ಸೂಕ್ಷ್ಮ ರಂಧ್ರಗಳುಳ್ಳದ್ದು. ಗೋಡೆಯೊಳಗಿನ ತೇವವು ಅದರ ಮೂಲಕ ಹೊರಕ್ಕೆ ಆವಿಯಾಗಿ ಹೋಗುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ತೇವವು ಒಳಗೆಯೇ ಸಿಕ್ಕಿಕೊಂಡು ಕಲ್ಲನ್ನೂ ಇಟ್ಟಿಗೆಯನ್ನೂ ತಿನ್ನತೊಡಗುತ್ತದೆ. ಗಟ್ಟಿಯಾದುದೆಲ್ಲ ಒಳ್ಳೆಯದೆಂಬ ನಂಬಿಕೆಯಿಂದ ಎಷ್ಟು ಹಳೆಯ ಕಟ್ಟಡಗಳು ಕೆಟ್ಟಿವೆಯೋ ಲೆಕ್ಕವಿಲ್ಲ.

ನಾಲ್ಕನೆಯದು ನಾಟಕಗೃಹಕ್ಕೇ ವಿಶಿಷ್ಟವಾದ ಸಮಸ್ಯೆ: ಧ್ವನಿ. ನಟನ ಮಾತು ಧ್ವನಿವರ್ಧಕವಿಲ್ಲದೆ ಕೊನೆಯ ಸಾಲನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಪ್ರತಿಧ್ವನಿಯಾಗಿ ಮುಂದಿನ ಮಾತನ್ನು ಕೆಡಿಸಬಾರದು. ಅಂಗಣದಲ್ಲಿ ಧ್ವನಿಯು ಎಷ್ಟು ಹೊತ್ತು ಅನುರಣಿಸುತ್ತದೆಂಬುದು ಅಂಗಣದ ಗಾತ್ರವನ್ನೂ ಒಳಗಿನ ವಸ್ತುಗಳು ಧ್ವನಿಯನ್ನು ಹೀರುವ ಪ್ರಮಾಣವನ್ನೂ ಅವಲಂಬಿಸಿದೆಯೆಂದು ಅಮೆರಿಕದ ವ್ಯಾಲೇಸ್ ಸಬೀನ್ 1895ರಿಂದ ಪ್ರಯೋಗಗಳನ್ನು ನಡೆಸಿ ತೋರಿಸಿಕೊಟ್ಟನು. ಮಾತಿನ ನಾಟಕಕ್ಕೆ ಈ ಅನುರಣನವು ಸುಮಾರು ಒಂದು ಸೆಕೆಂಡಿನಷ್ಟಿದ್ದರೆ ಹಿತ. ಹಳೆಯ ಮರದ ನೆಲ, ಬಟ್ಟೆಯ ಪರದೆ, ಅಲಂಕಾರದ ಉಬ್ಬುತಗ್ಗುಗಳು, ತುಂಬಿದ ಸಭೆ ಇವು ಧ್ವನಿಯನ್ನು ಹೀರಿ, ಚದುರಿಸಿ, ಹದಗೊಳಿಸುತ್ತಿದ್ದವು. ನಯವಾದ ಹಾಸುಗಲ್ಲು, ಗಾಜು, ಸಪಾಟಾದ ಗೋಡೆಗಳನ್ನು ಅವುಗಳ ಜಾಗದಲ್ಲಿ ಇಟ್ಟರೆ ಅಂಗಣವು ಕಣ್ಣಿಗೆ ಹೊಸದಾಗುತ್ತದೆ, ಕಿವಿಗೆ ಕಿವುಡಾಗುತ್ತದೆ. ಕೊನೆಯದಾಗಿ, ವಿದ್ಯುತ್ತಿನ ತಂತಿಗಳು, ಉರಿತಡೆ, ಹೊರದಾರಿಗಳು, ಅಂಗವಿಕಲರಿಗೆ ದಾರಿ ಇವೇ ಮೊದಲಾದ ಇಂದಿನ ಅಗತ್ಯಗಳನ್ನು ಹಳೆಯ ರೂಪಕ್ಕೆ ಊನ ಬಾರದಂತೆ ಅಳವಡಿಸಬೇಕು.

ಉದ್ಧಾರದ ಎರಡು ಫಲಗಳು

ಹೀಗೆ ಉದ್ಧಾರವಾದ ಮೇಲೆ ಕಟ್ಟಡವು ಏನಾಗಬೇಕು? ಈ ಪ್ರಶ್ನೆಗೆ ಮುಂಬಯಿಯೂ ಬೆಂಗಳೂರೂ ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ.

ಮುಂಬಯಿಯ ರಾಯಲ್ ಆಪೆರಾ ಹೌಸ್ ವಿಕ್ಟೋರಿಯಾ ರಾಣಿಯ ಮರಣಾನಂತರ ಎದ್ದುದಾದರೂ ಅದರ ವಂಶ ಅದೇ. 1911ರಲ್ಲಿ ಐದನೆಯ ಜಾರ್ಜ್ ದೊರೆಯು ಅದನ್ನು ಉದ್ಘಾಟಿಸಿದನು. ಬಾಲಗಂಧರ್ವ, ದೀನಾನಾಥ ಮಂಗೇಶಕರ್, ಪೃಥ್ವಿರಾಜ ಕಪೂರ್ ಮೊದಲಾದವರು ಅಲ್ಲಿ ಹಾಡಿ ಆಡಿದರು. 1930ರ ದಶಕದಲ್ಲಿ ಚಲನಚಿತ್ರ ಮಂದಿರವಾಗಿ, 1952ರಲ್ಲಿ ಗೊಂಡಲ್ ಸಂಸ್ಥಾನದ ಅರಸರ ಒಡೆತನಕ್ಕೆ ಸೇರಿ, 1993ರಲ್ಲಿ ಮುಚ್ಚಿಹೋಯಿತು. ಆಭಾ ನಾರಾಯಣ್ ಲಾಂಬಾ ಅವರ ಮೇಲ್ವಿಚಾರಣೆಯಲ್ಲಿ ಉದ್ಧಾರಗೊಂಡು 2016ರ ಅಕ್ಟೋಬರಿನಲ್ಲಿ ಸಂಗೀತದೊಡನೆ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೋದ ಏಷ್ಯ–ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಮನ್ನಣೆಯನ್ನೂ ಪಡೆಯಿತು. ಇಪ್ಪತ್ತಮೂರು ವರ್ಷಗಳ ಮೌನದ ಬಳಿಕ ರಂಗಕ್ಕೆ ರಂಗವೇ ಮರಳಿತು.

ಬೆಂಗಳೂರಿನ ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವಲ್ಲಿರುವ ಆಪೆರಾ ಹೌಸಿನ ಕಥೆ ಬೇರೆ. ಬ್ರಿಟಿಷರ ದಂಡುಪ್ರದೇಶದಲ್ಲಿ ಆಟ, ಹಾಡು, ನೃತ್ಯಗಳಿಗಾಗಿ ಎದ್ದ ಈ ಕಟ್ಟಡವು ಮುಂದೆ ಚಲನಚಿತ್ರ ಮಂದಿರವಾಗಿ, ಅನಂತರ ಬಹುಕಾಲ ಮುಚ್ಚಿಕೊಂಡು ಹಾಳುಬಿದ್ದಿತ್ತು. ಸ್ಯಾಮ್‌ಸಂಗ್ ಸಂಸ್ಥೆಯು ಅದನ್ನು ಉದ್ಧರಿಸಿ 2018ರ ಸೆಪ್ಟೆಂಬರಿನಲ್ಲಿ ಸುಮಾರು 33,000 ಚದರಡಿ ವಿಸ್ತಾರದ ತನ್ನ ಪ್ರದರ್ಶನ ಮಳಿಗೆಯಾಗಿ ತೆರೆಯಿತು. ಗೋಡೆ ಉಳಿಯಿತು, ಮುಖ ಉಳಿಯಿತು, ಹೆಸರೂ ಉಳಿಯಿತು. ದಾರಿಹೋಕರು ಆ ಮೂಲೆಯಲ್ಲಿ ಪಾಳು ಕಟ್ಟಡಕ್ಕೆ ಬದಲು ಸುಂದರವಾದ ಕಟ್ಟಡವನ್ನು ಕಾಣುವಂತಾಯಿತು.

ಇದನ್ನು ಹೀಗಳೆಯುವುದು ಸುಲಭ, ನ್ಯಾಯವಲ್ಲ. ಮಳಿಗೆಯಾಗದೆ ಇದ್ದಿದ್ದರೆ ಕಟ್ಟಡವು ನೆಲಸಮವಾಗಿ, ಆ ಜಾಗದಲ್ಲಿ ಗಾಜಿನ ಗೋಪುರವೊಂದು ಎದ್ದಿರಬಹುದಾಗಿತ್ತು. ಖಂಡಸ್ಫುಟಿತ ಜೀರ್ಣೋದ್ಧಾರವಂತೂ ಅಲ್ಲಿ ನಡೆಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ರಂಗಭೋಗವು ಮರಳಲಿಲ್ಲ. ಗೋಡೆಯನ್ನು ಉಳಿಸಲು ಒಂದು ಸಲ ಹಣ ಬೇಕು. ರಂಗವನ್ನು ಉಳಿಸಲು ಪ್ರತಿ ವರ್ಷವೂ ಹಣ ಬೇಕು, ನಟರು ಬೇಕು, ಪ್ರೇಕ್ಷಕರು ಬೇಕು. ಶಾಸನಕಾಲದ ದಾನಿಗಳು ನಗದನ್ನು ಕೊಟ್ಟು ಕೈತೊಳೆದುಕೊಳ್ಳದೆ ವರ್ಷ ವರ್ಷ ಫಲ ಕೊಡುವ ಭೂಮಿಯನ್ನು ಬಿಟ್ಟುದರ ಮರ್ಮ ಇದೇ. ಶಿಮ್ಲಾದಲ್ಲಿ ಸರ್ಕಾರವೂ, ಮುಂಬಯಿಯಲ್ಲಿ ಒಡೆಯರೂ ಈ ಎರಡನೆಯ ಹೊಣೆಯನ್ನು ಹೊತ್ತರು. ಅದನ್ನು ಹೊರುವವರು ಯಾರೆಂಬುದು ಮೊದಲೇ ನಿಶ್ಚಯವಾಗದೆ ಕೈಗೊಂಡ ಉದ್ಧಾರವು ಎಷ್ಟೇ ಅಚ್ಚುಕಟ್ಟಾಗಿರಲಿ, ಅರ್ಧ ಕೆಲಸವೇ ಸರಿ.

ನಮ್ಮ ಜಿಲ್ಲೆ ಮತ್ತು ನಮ್ಮ ಹೊಣೆ

ರಾಯಚೂರು ಜಿಲ್ಲೆಗೆ ಈಗ ಬರೋಣ. ರಾಯಚೂರು ದೋಆಬ್ ಬ್ರಿಟಿಷರ ನೇರ ಆಡಳಿತದಲ್ಲಿದ್ದುದು 1853ರಿಂದ 1860ರ ವರೆಗೆ ಮಾತ್ರ. ಅನಂತರ ನಿಜಾಮರ ಆಳ್ವಿಕೆಗೆ ಮರಳಿ, 1948ರ ಸೆಪ್ಟೆಂಬರಿನಲ್ಲಿ ಭಾರತ ಒಕ್ಕೂಟಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯದ ಭಾಗವಾಯಿತು. ದಂಡಿನ ಅಧಿಕಾರಿಗಳ ಹವ್ಯಾಸಿ ನಾಟಕವಾಗಲಿ, ಒಡೆಯರ ಪುರಭವನವಾಗಲಿ ಇಲ್ಲಿ ಬೇರು ಬಿಡುವಷ್ಟು ಅವಕಾಶ ಒದಗಲಿಲ್ಲ. ಹಾಗೆಂದು ಇಲ್ಲಿ ರಂಗವೇ ಇರಲಿಲ್ಲವೆನ್ನುವುದು ಅಜ್ಞಾನವಾದೀತು. ರಾಯಚೂರು, ಮಾನ್ವಿ, ದೇವದುರ್ಗ ಸೀಮೆಗಳ ಊರುಗಳಲ್ಲಿ ಬಯಲಾಟದ ಕಟ್ಟೆಗಳುಂಟು. ಜಾತ್ರೆಗಳಲ್ಲಿ ತಗಡಿನ ಗೋಡೆ, ಬಟ್ಟೆಯ ಮಾಡುಗಳ ಕಂಪನಿ ನಾಟಕದ ಡೇರೆಗಳು ಎದ್ದವು, ಇಳಿದವು. ವಿಕ್ಟೋರಿಯಾ ಯುಗದ ಚೌಕಟ್ಟು, ಏರಿಳಿಯುವ ಪರದೆ, ದರದ ಪ್ರಕಾರ ವಿಂಗಡಿಸಿದ ಆಸನಗಳು ಇವೆಲ್ಲವೂ ಆ ಡೇರೆಯೊಳಗೆ ಕಲ್ಲಿಲ್ಲದೆ, ಗಾರೆಯಿಲ್ಲದೆ ನಮ್ಮ ಹಳ್ಳಿಗೂ ಬಂದವು. ಜಂಬಲದಿನ್ನಿಯ ಗಾಯಕರಾದ ಪಂಡಿತ ಸಿದ್ಧರಾಮ ಅವರ ಹೆಸರನ್ನು ರಾಯಚೂರಿನ ಜಿಲ್ಲಾ ರಂಗಮಂದಿರಕ್ಕೆ ಇಟ್ಟಿರುವುದು, ಹಾಡಿನ ಮತ್ತು ಆಟದ ಸ್ಮೃತಿ ಇಲ್ಲಿ ಅಳಿದಿಲ್ಲವೆಂಬುದಕ್ಕೆ ಸಾಕ್ಷಿ.

ಶಿಮ್ಲಾದಲ್ಲಿ ಗೋಡೆಯಿದ್ದಿತು, ಒಳಗಿನ ಬಾಳನ್ನು ಅದಕ್ಕೆ ಮರಳಿಸಬೇಕಾಯಿತು. ನಮ್ಮಲ್ಲಾದರೋ ಪರಿಸ್ಥಿತಿ ತಿರುಗುಮುರುಗು. ಗೋಡೆ ಎಂದೂ ಇರಲಿಲ್ಲ. ಬಾಳು ಇದ್ದಿತು, ಅದು ಕ್ಷೀಣಿಸುತ್ತಿದೆ. ಡೇರೆಯನ್ನು ಕಳಚಿದ ಮರುದಿನ ನೆಲದಲ್ಲಿ ಗೂಟದ ಕುಳಿಗಳ ಹೊರತು ಬೇರೇನೂ ಉಳಿಯುವುದಿಲ್ಲ. ಇಂತಹ ರಂಗದ ಜೀರ್ಣೋದ್ಧಾರವನ್ನು ಕಲ್ಲಿನಿಂದ ಮಾಡಲಾಗದು, ದಾಖಲೆಯಿಂದ ಮಾಡಬೇಕು. ನಾಟಕಗೃಹದ ಉದ್ಧಾರದಲ್ಲಿ ಮೊದಲನೆಯ ಹೆಜ್ಜೆ ಯಾವುದೆಂದು ಮೇಲೆ ಹೇಳಿದೆವೋ ಅದೇ ಹೆಜ್ಜೆಯು ಇಲ್ಲಿಯೂ ಮೊದಲನೆಯದು. ಊರಿನ ಬಯಲಾಟದ ಕಟ್ಟೆಯ ಉದ್ದಗಲಗಳನ್ನು ಅಳೆಯುವುದು, ಅದು ಯಾವ ದಿಕ್ಕಿಗೆ ಮುಖಮಾಡಿದೆಯೆಂದು ಗುರುತು ಹಾಕುವುದು, ಮನೆಗಳ ಅಟ್ಟದ ಮೇಲಿರುವ ನಾಟಕದ ಕರಪತ್ರಗಳನ್ನೂ, ಕೈಬರಹದ ಪ್ರತಿಗಳನ್ನೂ, ಕಿರೀಟ ಭುಜಕೀರ್ತಿಗಳನ್ನೂ ಪಟ್ಟಿಮಾಡುವುದು, ವೇಷ ಕಟ್ಟಿದ ಹಿರಿಯರ ಮಾತನ್ನು ಅವರು ಇರುವಾಗಲೇ ಬರೆದುಕೊಳ್ಳುವುದು, ಇವು ನಮ್ಮ ಕೈಯಳತೆಯ ಕೆಲಸಗಳು. ಇದಕ್ಕೆ ಕೋಟಿಗಳ ವೆಚ್ಚ ಬೇಡ. ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು, ವಿದ್ಯಾರ್ಥಿಯೊಬ್ಬನ ರಜೆಯ ಕೆಲವು ದಿನಗಳು ಸಾಕು.

ನಮ್ಮ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಊರುಗಳಿಂದಲೇ ಬಂದವರು. ಅವರ ಅಜ್ಜಂದಿರಲ್ಲಿ ಯಾರೋ ಒಬ್ಬರು ಮದ್ದಳೆ ಬಾರಿಸಿರುತ್ತಾರೆ, ಮತ್ತೊಬ್ಬರು ಪಾರ್ಟು ಕಟ್ಟಿರುತ್ತಾರೆ. ಇತಿಹಾಸವೆಂದರೆ ಕೋಟೆ ಮತ್ತು ಶಾಸನ ಮಾತ್ರವೆಂದು ನಾವು ಅವರಿಗೆ ಕಲಿಸಿದೆವಾದರೆ, ಆ ಅಜ್ಜಂದಿರೊಡನೆ ಒಂದು ರಂಗಭೂಮಿಯೇ ಮಣ್ಣುಗೂಡುವುದಕ್ಕೆ ನಾವೂ ಹೊಣೆಗಾರರಾಗುತ್ತೇವೆ. ಅದೇ ಶಾಸನವನ್ನು ಪೂರ್ತಿಯಾಗಿ ಓದಿಸಿದೆವಾದರೆ, ಅದರ ಮೊದಲ ಮಾತಿನ ಜೊತೆಗೆ ಎರಡನೆಯ ಮಾತನ್ನೂ ಅವರು ಕಾಣುವರು. ಜೀರ್ಣೋದ್ಧಾರಕ್ಕೆ ಒಂದು ಮತ್ತರು ಭೂಮಿಯನ್ನು ಬಿಟ್ಟ ದಾನಿಯು ರಂಗಭೋಗಕ್ಕೂ ಒಂದು ಮತ್ತರನ್ನು ಬಿಟ್ಟಾಗ, ಆ ಎರಡನೆಯ ಮತ್ತರಿನ ಪೈರನ್ನು ಕಾಯುವ ಕೆಲಸವನ್ನು ಮುಂದಿನವರಿಗೆ ವಹಿಸಿದ್ದನು. ಆ ಮುಂದಿನವರಲ್ಲಿ ನಾವೂ ಸೇರಿದ್ದೇವೆ.